ಆಟಿಯಲ್ಲಿ ಬಿಟ್ಟ ಮನೆ

ಮೊದಲೇ ಹೇಳಿಬಿಡುತ್ತೇನೆ: ಲೋಲಾಕ್ಷಿ ಬಾಡಿಗೆ ಬಾಕಿ ಇಟ್ಟದ್ದು ಹೌದು. ಒಂದು ತಿಂಗಳಲ್ಲ, ಮೂರು. ತಿಂಗಳಿಗೆ ನಾಲ್ಕೂವರೆ ಸಾವಿರದ ಲೆಕ್ಕದಲ್ಲಿ ಹದಿಮೂರೂವರೆ ಸಾವಿರ. ಬಡವರ ಪರವಾಗಿ ಬರೆಯುವವರು ಬಡವರು ತಪ್ಪೇ ಮಾಡುವುದಿಲ್ಲ ಎಂಬಂತೆ ಬರೆಯುತ್ತಾರೆ. ಅದು ಸುಳ್ಳು. ಬಾಕಿ ಇತ್ತು. ಬಾಕಿ ಇದ್ದವರನ್ನು ಹೊರಗೆ ಹಾಕುವುದಕ್ಕೂ ಒಂದು ಕ್ರಮ ಉಂಟು. ಆ ಕ್ರಮದಲ್ಲಿ ಹಾಕಿದ್ದರೆ ನಾನು ಇಷ್ಟು ಕಾಗದ ಹಾಳು ಮಾಡುತ್ತಿರಲಿಲ್ಲ.

ಬಿ.ಸಿ.ರೋಡಿನ ಹೆದ್ದಾರಿಯಿಂದ ಸ್ವಲ್ಪ ಒಳಗೆ, ಬಸ್ಸುಗಳ ಹಾರ್ನು ಗೋಡೆ ದಾಟಿ ಬರುವಷ್ಟು ಹತ್ತಿರದಲ್ಲಿ, ಐದು ಹಂಚಿನ ಮನೆಗಳ ಒಂದು ಸಾಲಿತ್ತು. ಸುಬ್ಬಯ್ಯನ ಲೈನು ಎಂದು ಅದಕ್ಕೆ ಹೆಸರು. ಒಂದು ಕೋಣೆ, ಒಂದು ಅಡಿಗೆಮನೆ, ಹಿಂದೆ ಎಲ್ಲರಿಗೂ ಸೇರಿ ಎರಡು ಬಚ್ಚಲು. ಮೂರನೇ ಮನೆಯಲ್ಲಿ ಹನ್ನೊಂದು ವರ್ಷದಿಂದ ಲೋಲಾಕ್ಷಿ ಮತ್ತು ಅವಳ ಗಂಡ ಧರ್ಣಪ್ಪ ಇದ್ದರು. ಮಕ್ಕಳಿಲ್ಲ. ಬರುವಾಗ ಕೊಟ್ಟ ಅಡ್ವಾನ್ಸು ಮೂವತ್ತು ಸಾವಿರ. ಈ ಮೂವತ್ತು ಸಾವಿರವನ್ನು ನೆನಪಿಟ್ಟುಕೊಳ್ಳಿ. ಇವಳ ಮೂವತ್ತು ಸಾವಿರ ಮನೆಯ ಧನಿಗಳ ಪೆಟ್ಟಿಗೆಯಲ್ಲಿ ಹನ್ನೊಂದು ವರ್ಷದಿಂದ ಕೂತಿತ್ತು. ಆದರೂ ಹದಿಮೂರೂವರೆ ಸಾವಿರಕ್ಕೆ ಬಾಕಿದಾರಳು ಇವಳು. ಇದು ಯಾವ ಊರಿನ ನ್ಯಾಯ ಎಂದು ಕೇಳಿದರೆ, ನಮ್ಮ ಊರಿನದ್ದೇ.

ಲೋಲಾಕ್ಷಿ ಬೀಡಿ ಕಟ್ಟುವವಳು. ಹತ್ತನೇ ವಯಸ್ಸಿನಿಂದ ಕತ್ತರಿ ಹಿಡಿದವಳು. ಎಲೆ ಕೊಟ್ಟು ಬೀಡಿ ತೆಗೆದುಕೊಳ್ಳುವ ಬ್ರಾಂಚಿನವ ಪಾಸ್ ಬುಕ್ ಕೊಡುವುದಿಲ್ಲ ಎಂದಾಗ ಅವನ ಬಾಗಿಲಲ್ಲಿ ಮೂರು ದಿನ ಕೂತ ಹೆಂಗಸರ ಮುಂದಿನ ಸಾಲಿನಲ್ಲಿ ಅವಳಿದ್ದಳು. ಘೋಷಣೆ ಕೂಗಿ ಗಂಟಲು ಒಡೆದು ಒಂದು ವಾರ ಸನ್ನೆಯಲ್ಲೇ ಮಾತಾಡಿದ್ದಳು. ಅಂಥವಳು ಹನ್ನೊಂದು ವರ್ಷ ಬಾಡಿಗೆ ಕೊಟ್ಟು ಒಂದು ರಶೀದಿ ಕೇಳಲಿಲ್ಲ. ಯಾಕೆ ಎಂದು ಕೇಳಿದರೆ, "ಅವರ ಮುಖಕ್ಕೆ ಹೇಗೆ ಕೇಳುದು? ವಿನೋದಕ್ಕ ಅಲ್ವಾ?" ಎಂದಳು. ಬ್ರಾಂಚಿನವ ಪರಕೀಯ, ಮನೆಯ ಧನಿ ವಿನೋದಕ್ಕ ನಮ್ಮವರು! ನಮ್ಮವರು ಎಂಬವರಷ್ಟು ನಮಗೆ ಮೋಸ ಮಾಡಿದವರು ಬೇರೆ ಇಲ್ಲ.

ಬಾಕಿ ಬಿದ್ದದ್ದು ಹೇಗೆಂದರೆ, ಬ್ರಾಂಚಿನಲ್ಲಿ ವಾರಕ್ಕೆ ಆರು ದಿನ ಎಲೆ ಕೊಡುತ್ತಿದ್ದವರು ಎರಡು ದಿನಕ್ಕೆ ಇಳಿಸಿದರು. ಅದೇ ಸಮಯಕ್ಕೆ ಚಾರ್ಮಾಡಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿದ್ದ ಧರ್ಣಪ್ಪನ ಮೊಣಕಾಲು ಕೈಕೊಟ್ಟಿತು. ಅವನು ಮಂಚದಲ್ಲಿ ಕಾಲು ಚಾಚಿ ಕೂತು ಹೇಳುತ್ತಿದ್ದ, "ಮೂವತ್ತು ವರ್ಷ 'ಒಳಗೆ ಹೋಗಿ, ಒಳಗೆ ಹೋಗಿ' ಅಂತ ಜನರನ್ನು ದೂಡಿದ್ದೇನೆ. ಈಗ ನನಗೆ 'ಹೊರಗೆ ಹೋಗಿ' ಅನ್ನುವವ ಬಂದಿದ್ದಾನೆ. ಲೆಕ್ಕ ಸಮ ಆಯ್ತು ಮಾರಾಯ."

ಹೊರಗೆ ಹೋಗಿ ಎಂದವನು ಜಿತೇಶ್. ವಿನೋದಕ್ಕನ ಮಗ. ಹದಿನೆಂಟು ವರ್ಷ ಕತಾರಿನಲ್ಲಿದ್ದು ಬಂದವನಿಗೆ ಆ ಐದು ಮನೆಗಳನ್ನು ನೋಡಿದಾಗಲೆಲ್ಲ ಅದರ ಜಾಗದಲ್ಲಿ ಮೂರು ಮಾಳಿಗೆಯ ಕಾಂಪ್ಲೆಕ್ಸು ಕಾಣುತ್ತಿತ್ತು. ಕಾಣಲಿ. ಅವನ ಜಾಗ, ಅವನ ಆಸೆ. ಇಬ್ಬರನ್ನು ಒಳ್ಳೆಯ ಮಾತಿನಲ್ಲಿ ಬಿಡಿಸಿದ. ಲೋಲಾಕ್ಷಿಯ ವಿಷಯದಲ್ಲಿ ಒಳ್ಳೆಯ ಮಾತಿನ ಖರ್ಚೂ ಬೇಡ, ಬಾಕಿಯೇ ಉಂಟಲ್ಲ ಎಂದು ವಕೀಲರಿಂದ ನೋಟೀಸು ಕಳಿಸಿದ. ಹದಿನೈದು ದಿನದೊಳಗೆ ಮನೆ ಖಾಲಿ ಮಾಡಬೇಕು, ಇಲ್ಲವಾದರೆ ದಾವೆ.

ಆ ನೋಟೀಸು ಬಂದದ್ದು ಜುಲೈ ಇಪ್ಪತ್ತಕ್ಕೆ. ಅಂದರೆ ಆಟಿ ತಿಂಗಳ ನಾಲ್ಕನೇ ದಿನ.

ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ ನಮಗೆ ಆಟಿ. ಆಟಿಯಲ್ಲಿ ಮದುವೆ ಇಲ್ಲ, ಮನೆಯೊಕ್ಕಲು ಇಲ್ಲ. ಹೊಸ ಮನೆ ಹೊಕ್ಕುವುದಿಲ್ಲ, ಇದ್ದ ಮನೆ ಬಿಡುವುದಿಲ್ಲ. ಬಿಟ್ಟರೆ ಬಿಟ್ಟವರಿಗೂ ಒಳ್ಳೆಯದಲ್ಲ, ಬಿಡಿಸಿದವರಿಗೂ ಅಲ್ಲ. ಅದರ ನಂತರದ ಸೋಣ ತಿಂಗಳು ಹುಟ್ಟಿದ ಮೇಲೆಯೇ ಎಲ್ಲ. ನನಗೆ ಇದರಲ್ಲಿ ನಂಬಿಕೆ ಇಲ್ಲ. ಆದರೆ ನಂಬುವವರ ನಡುವೆ ಎಪ್ಪತ್ತು ವರ್ಷ ಬದುಕಿದ್ದೇನೆ. ಆಟಿಯ ಭಯ ಎಂಥದ್ದೆಂದು ನನಗೆ ಗೊತ್ತು.

ನೋಟೀಸು ಕೈಗೆ ಬಂದ ಮೂರನೇ ದಿನ ಲೋಲಾಕ್ಷಿ ಕಿವಿಯ ಬೆಂಡೋಲೆಯನ್ನು ಸೊಸೈಟಿಯಲ್ಲಿ ಅಡವಿಟ್ಟಳು. ಮೂರು ತಿಂಗಳ ಬಾಕಿಯನ್ನೂ ಒಟ್ಟಿಗೆ ಹಿಡಿದುಕೊಂಡು, ಲೈನಿನ ಎದುರಿಗೇ ಇರುವ ಧನಿಗಳ ಮನೆಯ ಜಗಲಿಗೆ ಹೋದಳು. ಪಕ್ಕದ ಮನೆಯ ರುಖಿಯಮ್ಮನೂ ಆ ತಿಂಗಳ ತನ್ನ ಬಾಡಿಗೆ ಕೊಡಲು ಜೊತೆಗೆ ಹೋಗಿದ್ದಳು. ಅಲ್ಲಿ ನಡೆದದ್ದನ್ನು ನನಗೆ ಹೇಳಿದ್ದು ರುಖಿಯಮ್ಮ. ಅವಳು ಉಪ್ಪು ಹೆಚ್ಚು ಹಾಕಿ ಅಡಿಗೆ ಮಾಡಿಯಾಳು, ಮಾತಿಗೆ ಉಪ್ಪು ಖಾರ ಹಾಕುವವಳಲ್ಲ.

"ವಿನೋದಕ್ಕಾ, ತಡ ಆಯ್ತು. ಮೂರು ತಿಂಗಳದ್ದೂ ಉಂಟು. ಎಣಿಸಿ."

ವಿನೋದಕ್ಕ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡರು. "ಈಗ ಬೇಡ ಲೋಲಾಕ್ಷಿ. ಆಟಿ ಅಲ್ವಾ. ಆಟಿಯಲ್ಲಿ ಬಾಕಿಯ ದುಡ್ಡು ಒಳಗೆ ತರುದಿಲ್ಲ ನಾವು. ಸೋಣ ಬರ್ಲಿ."

"ನೋಟೀಸಿನಲ್ಲಿ ಹದಿನೈದು ದಿನ ಅಂತ ಉಂಟಲ್ಲ ಅಕ್ಕಾ?"

"ಅದು ಜಿತೇಶ ವಕೀಲರತ್ರ ಬರೆಸಿದ ಕಾಗದ. ಆಟಿಯಲ್ಲಿ ಯಾರಾದ್ರೂ ಒಬ್ಬರನ್ನು ಮನೆ ಬಿಡಿಸ್ತಾರಾ? ನನಗೆ ಅಷ್ಟು ಗೊತ್ತಿಲ್ವಾ? ಹೋಗು, ಹೆದರಬೇಡ."

ರುಖಿಯಮ್ಮ ತನ್ನ ಬಾಡಿಗೆ ಕೊಟ್ಟಳು. ಅದನ್ನು ವಿನೋದಕ್ಕ ಎಣಿಸಿ ತೆಗೆದುಕೊಂಡರು. ಮೆಟ್ಟಲಿಳಿಯುವಾಗ ರುಖಿಯಮ್ಮ ಕೇಳಿದಳು, "ಅಲ್ಲ ಮಾರಾಯ್ತಿ, ನನ್ನ ದುಡ್ಡಿಗೆ ಆಟಿ ಇಲ್ವಾ?"

"ನಿಮ್ಮದು ಬಾಕಿ ಅಲ್ಲ. ಹಾಗಾಗಿ ಇರ್ಬೇಕು."

"ಇರ್ಬೇಕು ಇರ್ಬೇಕು. ಬರೆಸಿಕೊಂಡ್ಯಾ?"

"ಆಟಿಯ ಮೇಲೆ ಹೇಳಿದ ಮಾತಿಗೆ ಬರೆಸಿಕೊಳ್ಳುದೆಂತ?"

ಇದೇ ಅವಳ ತಪ್ಪು. ಬೇರೆ ಊರಿನ ಹೆಂಗಸಾದರೆ ಓಡಿ ಹೋಗಿ ಒಬ್ಬ ವಕೀಲರನ್ನು ಹಿಡಿಯುತ್ತಿದ್ದಳು. ಇವಳು ಆಟಿಯನ್ನು ಹಿಡಿದಳು. ತಾನು ಎಷ್ಟು ಹೆದರುತ್ತೇನೋ ಧನಿಗಳೂ ಅಷ್ಟೇ ಹೆದರುತ್ತಾರೆ ಎಂದುಕೊಂಡಳು. ವಿಷಯ ಬೇರೆ ಇತ್ತು. ನೋಟೀಸು ಕೊಟ್ಟ ಮೇಲೆ ಬಾಡಿಗೆ ಮುಟ್ಟಿದರೆ, ಇವಳು ಇನ್ನೂ ಬಾಡಿಗೆಗೆ ಇದ್ದಾಳೆಂದು ನೀವೇ ಒಪ್ಪಿದ ಹಾಗೆ ಆದೀತು, ನೋಟೀಸಿನ ಬಲ ಹೋದೀತು ಎಂದು ಜಿತೇಶನ ವಕೀಲರು ಎಚ್ಚರಿಸಿದ್ದರು. ಬಾಯಿಬಿಟ್ಟು ಬೇಡ ಎನ್ನುವ ಧೈರ್ಯ ವಿನೋದಕ್ಕನಿಗೆ ಇರಲಿಲ್ಲ. ಅದಕ್ಕೆ ಆಟಿಯನ್ನು ಅಡ್ಡ ಹಿಡಿದರು.

ಈಗ ಸುಬ್ಬಯ್ಯನ ವಿಷಯ ಹೇಳಲೇಬೇಕು. ಅದನ್ನು ಹೇಳದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ.

ಸುಬ್ಬಯ್ಯ ವಿನೋದಕ್ಕನ ಗಂಡ. ಹುಟ್ಟುವಾಗ ಧನಿ ಅಲ್ಲ, ಗೇಣಿಯ ಒಕ್ಕಲು. ಎರಡೂವರೆ ಎಕ್ರೆ ಗದ್ದೆ ಮಾಡುತ್ತಿದ್ದ, ಭತ್ತ ಅಳೆದು ಕೊಡುತ್ತಿದ್ದ, ಅವನಿಗೂ ಯಾವ ಚೀಟಿಯೂ ಇರಲಿಲ್ಲ. ಎಪ್ಪತ್ತನಾಲ್ಕರಲ್ಲಿ ಭೂಮಸೂದೆ ಬಂತು. ಉಳುವವನು ಡಿಕ್ಲರೇಶನ್ ಹಾಕಿದರೆ ಭೂಮಿ ಅವನದ್ದು. ನಾವು ಕೆಂಪು ಬಾವುಟದ ಹುಡುಗರು ಸೈಕಲ್ಲಿನಲ್ಲಿ ಮನೆಮನೆಗೆ ಹೋಗಿ ಫಾರ್ಮು ತುಂಬಿಸುತ್ತಿದ್ದೆವು. ಸುಬ್ಬಯ್ಯನ ಫಾರ್ಮು ತುಂಬಿದ್ದು ನಾನು. ಸುದ್ದಿ ಗದ್ದೆಯ ಧನಿಯ ಮನೆಗೆ ಮುಟ್ಟಿದ ಮರುದಿನ ಅವರ ಆಳುಗಳು ಬಂದು ಸುಬ್ಬಯ್ಯನ ಮನೆಯ ಮಾಡಿನಿಂದ ಮಡಲು ಕಿತ್ತು ಅಂಗಳಕ್ಕೆ ಎಸೆದರು. ಹೆಣೆದ ತೆಂಗಿನ ಗರಿಯ ಮಾಡು, ಕೀಳುವುದಕ್ಕೆ ಎಷ್ಟು ಹೊತ್ತು? ಅದೂ ಆಟಿಯೇ. ವಿನೋದಕ್ಕ ಮದುವೆಯಾಗಿ ಬಂದು ನಾಲ್ಕು ತಿಂಗಳು. ಮೇಲೆ ಆಕಾಶ, ಕೆಳಗೆ ನೀರು, ತಲೆಯ ಮೇಲೆ ಮಳೆಗೆ ಹೊದೆಯುವ ಒಂದು ಓಲೆಯ ಗೊರಬೆ ಹಿಡಿದುಕೊಂಡು ಒಲೆಯ ಬೂದಿ ಒದ್ದೆಯಾಗದಂತೆ ಕೂತಿದ್ದರು. ಮನೆ ಬಿಟ್ಟು ಕೆಳಗಿಳಿದರೆ ಡಿಕ್ಲರೇಶನ್ ಹೋಯಿತು. ಇಳಿಯಲಿಲ್ಲ.

ಆ ಮಾಡನ್ನು ಪುನಃ ಹೊದೆಸಿದವನು ಐತಪ್ಪ. ಅದೇ ಧನಿಯ ಜಾಗದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕೂಲಿಯಾಳು. ಅವನೂ ಅರ್ಜಿ ಹಾಕಬಹುದಿತ್ತು, ಗುಡಿಸಲಿನ ಅಡಿಯ ಜಾಗ ಸಿಗುತ್ತಿತ್ತು. ಆದರೆ ಹಾಕುವುದಿಲ್ಲ ಎಂದು ಧನಿ ಅವನಿಂದ ದೈವದ ಎದುರು ಮಾತು ತೆಗೆದುಕೊಂಡಿದ್ದರು. ಇಡೀ ದಿನ ಮಳೆಯಲ್ಲಿ ಕೂತು ಸುಬ್ಬಯ್ಯನಿಗೆ ಮಡಲು ಹೆಣೆದ ಐತಪ್ಪನನ್ನು, ಧನಿಗೆ ಗೊತ್ತಾದರೆ ಎಂತ ಮಾಡ್ತೀಯ ಎಂದು ನಾನೇ ಕೇಳಿದೆ. "ಡಿಕ್ಲರೇಶನ್ ಹಾಕುದಿಲ್ಲ ಅಂತ ಮಾತು ಕೊಟ್ಟಿದ್ದೇನೆ. ಮಡಲು ಹೆಣೆಯುದಿಲ್ಲ ಅಂತ ಕೊಡ್ಲಿಲ್ಲ" ಎಂದ. ಮಾತು ಉಳಿಸಿಕೊಂಡ. ಮೂರು ವರ್ಷದಲ್ಲಿ ಧನಿ ಆ ಜಾಗ ಮಾರಿದರು, ಐತಪ್ಪ ಗುಡಿಸಲು ಕಳಚಿದ. ಮಾತು ಕೊಟ್ಟವನು ಬೀದಿಗೆ, ಫಾರ್ಮು ಹಾಕಿದವನು ಜಗಲಿಗೆ. ಲೋಲಾಕ್ಷಿ ಆ ಐತಪ್ಪನ ಮಗಳು. ಅಂದಿನಿಂದ ಇಂದಿನ ತನಕ ಅವಳು ಮಲಗಿದ ನೆಲವೆಲ್ಲ ಬಾಡಿಗೆಯದ್ದು.

ಸುಬ್ಬಯ್ಯನಿಗೆ ಸಿಕ್ಕಿದ ಗದ್ದೆ ಮುಂದೆ ಹೆದ್ದಾರಿಯ ಬದಿಯ ಚಿನ್ನವಾಯಿತು. ಅರ್ಧ ಮಾರಿದ, ಅರ್ಧದಲ್ಲಿ ಲೈನು ಕಟ್ಟಿದ. ಅವನು ಬದುಕಿರುವ ತನಕ ಲೈನಿನವರಿಗೆ ತೊಂದರೆ ಕೊಡಲಿಲ್ಲ, ಅದನ್ನೂ ಹೇಳಬೇಕು. ನಮ್ಮದೇ ತಪ್ಪು. ಗದ್ದೆ ಸಿಕ್ಕಿದವನು ಧನಿಯಾದ ಮೇಲೆ ಎಂತ ಮಾಡಿಯಾನು ಎಂದು ನಾವು ಯಾರೂ ಯೋಚಿಸಲಿಲ್ಲ. ಗೆದ್ದೆವು ಎಂದು ಚಾ ಕುಡಿದು ಮನೆಗೆ ಹೋದೆವು.

ಹದಿನೈದು ದಿನ ಕಳೆಯಿತು. ಆಗಸ್ಟ್ ಎಂಟರ ಬೆಳಿಗ್ಗೆ ರುಖಿಯಮ್ಮನ ಫೋನು ಬಂತು. "ನೀವು ಒಮ್ಮೆ ಬನ್ನಿ. ಲೋಲಾಕ್ಷಿಯ ತಲೆ ಮೇಲಿನ ಹಂಚು ತೆಗೀತಿದ್ದಾರೆ."

ಬಂಟ್ವಾಳ ಪೇಟೆಯಿಂದ ರಿಕ್ಷಾದಲ್ಲಿ ಹೋದೆ. ಏಣಿ ಇಟ್ಟು ಇಬ್ಬರು ಕೆಲಸದವರು ಮಾಡಿನ ಮೇಲೆ. ಅಂಗಳದಲ್ಲಿ ಹಂಚಿನ ರಾಶಿ. ಒಳಗೆ ಧರ್ಣಪ್ಪ ಮಂಚದಲ್ಲಿ ಕೊಡೆ ಬಿಡಿಸಿಕೊಂಡು ಕೂತಿದ್ದ. ಬ್ರಾಂಚಿನಿಂದ ಆ ವಾರಕ್ಕೆಂದು ತಂದ ಎಲೆ, ಹೊಗೆಸೊಪ್ಪು ಎಲ್ಲ ನೆನೆದು ಮುದ್ದೆ. ಅದರ ದುಡ್ಡನ್ನು ಬ್ರಾಂಚಿನವ ಇವಳ ಮಜೂರಿಯಿಂದಲೇ ಕಡಿಯುತ್ತಾನೆ. ಲೋಲಾಕ್ಷಿ ಬಾಗಿಲಲ್ಲಿ ನಿಂತಿದ್ದಳು. ಅಳುತ್ತಿರಲಿಲ್ಲ. ಜಿತೇಶ್ ಅಂಗಳದಲ್ಲಿ ಫೋನು ತಿಕ್ಕುತ್ತಿದ್ದ.

"ಎಂತ ಇದು?" ಎಂದೆ.

"ರಿಪೇರಿ ಅಂಕಲ್. ಸೋರ್ತದೆ ಅಂತ ಇವರೇ ಕಂಪ್ಲೇಂಟ್ ಮಾಡಿದ್ದು."

"ಎರಡು ವರ್ಷದ ಹಿಂದೆ ಹೇಳಿದ್ದು!" ಎಂದಳು ಲೋಲಾಕ್ಷಿ. "ಆಗ ಒಂದು ಹಂಚು ಹಾಕ್ಲಿಕ್ಕೆ ನಿಮಗೆ ಪುರುಸೊತ್ತಿರಲಿಲ್ಲ."

"ನೋಡಿ ಅಂಕಲ್, ಮಾಡು ನನ್ನದು, ಹಂಚು ನನ್ನದು. ನೋಟೀಸು ಮುಗಿದಿದೆ."

"ಹಂಚು ನಿನ್ನದೇ. ಅದರ ಅಡಿಯ ಮನೆ ಕೋರ್ಟು ಹೇಳುವ ತನಕ ಅವಳದ್ದು. ನೋಟೀಸು ಮುಗಿದರೆ ನೀನು ದಾವೆ ಹಾಕಬೇಕು. ಗೆದ್ದರೆ ಕೋರ್ಟಿನ ಅಮೀನ ಬಂದು ಬಿಡಿಸ್ತಾನೆ. ಅಮೀನನಿಗೂ ಹಂಚು ಕೀಳುವ ಅಧಿಕಾರ ಇಲ್ಲ ಮಾರಾಯ, ನಿನಗೆ ಎಲ್ಲಿಂದ ಬಂತು?"

"ನಿಮ್ಮ ಕಾಲದ ಲಡಾಯಿ ಎಲ್ಲ ಮುಗಿದಿದೆ. ಬಾವುಟ ಮಡಚಿಡಿ."

"ಬಾವುಟ ಮಡಚಿ ವರ್ಷ ಆಯ್ತು. ಅದರ ದೊಣ್ಣೆ ಉಂಟು, ಬೇಕಾ?"

ಅವನು ಪೊಲೀಸರಿಗೆ ಫೋನು ಮಾಡಿದ. ಒಳ್ಳೆಯದೇ ಆಯಿತು. ಬಂದ ಕಾನ್‌ಸ್ಟೇಬಲ್ ನೋಟೀಸನ್ನು ಎರಡು ಸಲ ಓದಿ, ತಲೆಯೆತ್ತಿ ಮಾಡನ್ನು ನೋಡಿ, "ಇದರಲ್ಲಿ ಖಾಲಿ ಮಾಡಿ ಅಂತ ಉಂಟು. ಮಾಡು ಇಳಿಸ್ಲಿಕ್ಕೆ ಆರ್ಡರ್ ಎಲ್ಲುಂಟು?" ಎಂದ. ಜಿತೇಶ್ ನೋಟೀಸು ಮಡಚಿ ಜೇಬಿಗೆ ಹಾಕಿದ, ಮಾಡಿನ ಮೇಲಿನ ಕೈಗಳು ನಿಂತವು.

ಅಷ್ಟು ಹೊತ್ತೂ ವಿನೋದಕ್ಕ ಜಗಲಿಯ ಕಂಬ ಹಿಡಿದು ನಿಂತಿದ್ದರು. ಲೋಲಾಕ್ಷಿ ಅಂಗಳಕ್ಕೆ ಇಳಿದು ಅವರ ಕಡೆ ತಿರುಗಿದಳು. ಬೀಡಿ ಬ್ರಾಂಚಿನ ಬಾಗಿಲಲ್ಲಿ ಕೇಳಿದ್ದ ಅದೇ ಗಂಟಲು.

"ವಿನೋದಕ್ಕಾ! ಈಗ ಆಟಿ ಹೌದಾ ಅಲ್ವಾ?"

ವಿನೋದಕ್ಕ ಕಂಬದಿಂದ ಕೈ ತೆಗೆದರು.

"ನನ್ನ ದುಡ್ಡು ಮುಟ್ಲಿಕ್ಕೆ ಆಟಿ. ನನ್ನ ಹಂಚು ಮುಟ್ಲಿಕ್ಕೆ ಆಟಿ ಇಲ್ಲ! ನಿಮ್ಮ ತಲೆ ಮೇಲೆ ಮಡಲು ಹೆಣೆದದ್ದು ಯಾರ ಅಪ್ಪ? ನಿಮ್ಮ ಮಗನಿಗೆ ಗೊತ್ತುಂಟಾ? ಹೇಳಿ ಅವನಿಗೆ. ಹೇಳ್ಲಿಕ್ಕೆ ನಾಚಿಕೆ ಆಗ್ತದಾ? ನನ್ನಪ್ಪ ಕೂಲಿ ತಕ್ಕೊಳ್ಳದೆ ಹೆಣೆದದ್ದು!"

ವಿನೋದಕ್ಕ ಒಳಗೆ ಹೋದರು. ನಾನು ಅವರು ಹೊರಗೆ ಬರುತ್ತಾರೆ, ಮಗನಿಗೆ ಒಂದು ಮಾತು ಹೇಳುತ್ತಾರೆ ಎಂದು ಕಾದೆ. ಬರಲಿಲ್ಲ. ಬಡತನ ಕಂಡವರಿಗೆ ಬಡವರ ಕಷ್ಟ ಗೊತ್ತಿರುತ್ತದೆ ಎಂದು ಯಾರು ಹೇಳಿದ್ದೋ, ಅವರನ್ನು ಆ ಅಂಗಳಕ್ಕೆ ಕರೆತರಬೇಕಿತ್ತು. ಗೊತ್ತಿರುತ್ತದೆ, ಹೌದು. ಗೊತ್ತಿದ್ದೇ ಒಳಗೆ ಹೋಗುತ್ತಾರೆ.

ಲೋಲಾಕ್ಷಿ ಸೆರಗು ಸೊಂಟಕ್ಕೆ ಕಟ್ಟಿ ಏಣಿ ಹತ್ತಿದಳು. ಐವತ್ತೈದು ದಾಟಿದ ಹೆಂಗಸು. ರುಖಿಯಮ್ಮ ಕೆಳಗಿನಿಂದ ಒಂದೊಂದೇ ಹಂಚು ಎತ್ತಿ ಕೊಟ್ಟಳು. ಮೇಲಿದ್ದ ಕೆಲಸದವರಲ್ಲಿ ಒಬ್ಬ, "ಧನಿ, ತೆಗೆದದ್ದಕ್ಕೆ ಅರ್ಧ ದಿನದ ಸಂಬಳ. ಇಟ್ಟದ್ದಕ್ಕೆ ಇನ್ನರ್ಧ ಕೊಡ್ತೀರಾ?" ಎಂದು ಕೇಳಿದ. ಜಿತೇಶ್ ಬೈದು ಹೋದ ಮೇಲೆ ಅವನೂ ಕೈ ಹಾಕಿದ. ಮಂಚದಿಂದ ಧರ್ಣಪ್ಪ ಕೂಗಿದ, "ಹಿಂದಿನ ಸಾಲಿಗೆ ಹೋಗಿ, ಹಿಂದಿನ ಸಾಲಿಗೆ ಹೋಗಿ! ಮುಂದೆ ರಶ್ಶು ಮಾಡಬೇಡಿ!"

ಆಮೇಲೆ ಜಿತೇಶ್ ಬಂಟ್ವಾಳದ ಕೋರ್ಟಿನಲ್ಲಿ ದಾವೆ ಹಾಕಿದ. ಮೊದಲೇ ಮಾಡಬೇಕಾಗಿದ್ದ ಕೆಲಸ. ಲೋಲಾಕ್ಷಿಯ ಪರವಾಗಿ ವಿಜೇತಾ ಎಂಬ ಹುಡುಗಿ ವಕೀಲೆ ನಿಂತಳು. ಫೀಸಿಗೆ ಆತುರ ಮಾಡದವಳು, ಸಿಹಿ ಮಾತಾಡದವಳು. "ಅಮ್ಮ, ನಿಮಗೆ ಸುಳ್ಳು ಧೈರ್ಯ ಕೊಡುದಿಲ್ಲ ನಾನು" ಎಂದಳು ಮೊದಲ ದಿನವೇ. "ತಿಂಗಳ ಬಾಡಿಗೆಯವರಿಗೆ ಕಾನೂನಿನಲ್ಲಿ ದೊಡ್ಡ ಬಲ ಇಲ್ಲ. ಅವರು ಕ್ರಮದಲ್ಲಿ ನೋಟೀಸು ಕೊಟ್ಟಿದ್ದಾರೆ. ಇವತ್ತಲ್ಲ ನಾಳೆ ಮನೆ ಬಿಡ್ಬೇಕಾಗ್ತದೆ. ನಾವು ಜಗಳ ಮಾಡುದು ಸಮಯಕ್ಕೆ, ಅಡ್ವಾನ್ಸಿಗೆ, ಮರ್ಯಾದೆಗೆ. ಮನೆಗೆ ಅಲ್ಲ."

ಲೋಲಾಕ್ಷಿ ಬೆಳಿಗ್ಗೆ ಹೊತ್ತು ಬಿ.ಸಿ.ರೋಡಿನ ಒಂದು ಹೋಟೆಲಿನಲ್ಲಿ ತೆಂಗಿನಕಾಯಿ ತುರಿಯುವ, ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದಳು. ಕೇಸು ನಡೆದಷ್ಟು ತಿಂಗಳೂ ಬಾಡಿಗೆಯನ್ನು ಕೋರ್ಟಿನಲ್ಲಿ ಕಟ್ಟಿದಳು, ಒಂದೊಂದಕ್ಕೂ ರಶೀದಿ ತೆಗೆದುಕೊಂಡಳು. ಆ ರಶೀದಿಗಳನ್ನು ಬೀಡಿ ಕಟ್ಟಿನ ಹಾಗೆ ದಾರ ಸುತ್ತಿ ಇಡುತ್ತಿದ್ದಳು.

ಮಾರ್ಚಿನಲ್ಲಿ ರಾಜಿ ಆಯಿತು. ಹಳೆಯ ಬಾಕಿಯನ್ನು ಅಡ್ವಾನ್ಸಿನಿಂದ ಕಳೆಯುವುದು. ಉಳಿದ ಹದಿನಾರೂವರೆ ಸಾವಿರವನ್ನು ಕೀಲಿಕೈ ಕೊಟ್ಟ ದಿನ ಹಿಂತಿರುಗಿಸುವುದು. ಮನೆ ಬಿಡಲು ಜುಲೈ ಮೂವತ್ತೊಂದರ ತನಕ ಸಮಯ. ಆ ದಿನ ದಾಟಿದರೆ ದಿನಕ್ಕೆ ಐನೂರು ರೂಪಾಯಿ ದಂಡ, ಮತ್ತೆ ಅಮೀನ ಬರುತ್ತಾನೆ. ನಾಲ್ಕು ತಿಂಗಳು ಸಿಕ್ಕಿತಲ್ಲ ಎಂದು ನಾವು ಖುಷಿಪಟ್ಟೆವು. ಅವರ ವಕೀಲರು, ಇವಳ ವಕೀಲೆ, ಜಿತೇಶ್, ಲೋಲಾಕ್ಷಿ, ನಾನು, ಎಲ್ಲರೂ ಇದೇ ಮಣ್ಣಿನವರು. ಮನೆಯಲ್ಲಿ ತುಳು ತಿಂಗಳು ಎಣಿಸುವವರು. ಕೋರ್ಟಿನ ಮೆಟ್ಟಲು ಹತ್ತಿದ ಕೂಡಲೇ ಎಲ್ಲರ ತಲೆಯಲ್ಲೂ ಇಂಗ್ಲಿಷ್ ತಿಂಗಳು ಓಡಿತು. ಜುಲೈ ಮೂವತ್ತೊಂದು ಎಂದರೆ ಆಟಿ ಹದಿನೈದು ಎಂದು ಒಬ್ಬರಿಗೂ ಹೊಳೆಯಲಿಲ್ಲ. ಸಹಿ ಹಾಕಿ ಬಂದೆವು.

ಗೊತ್ತಾದದ್ದು ಜೂನಿನಲ್ಲಿ. ಮನೆ ಹುಡುಕುವುದು ಎಂದರೆ ಏನೆಂದು ಹುಡುಕಿದವರಿಗೇ ಗೊತ್ತು. ಹೊಸ ಮನೆಯ ಅಡ್ವಾನ್ಸನ್ನು ಹೊಕ್ಕುವ ಮೊದಲು ಕೊಡಬೇಕು. ಹಳೆಯದ್ದು ಬಿಟ್ಟ ಮೇಲೆ ಬರುತ್ತದೆ. ನಡುವಿನ ಹೊಂಡವನ್ನು ಹಾರುವುದು ಹೇಗೆ? ಕೊನೆಗೆ ಬೆಳ್ತಂಗಡಿಯಲ್ಲಿ ಒಂದು ಮನೆ ಸಿಕ್ಕಿತು. ಬಾಡಿಗೆ ಐದು ಸಾವಿರ. ಅಡ್ವಾನ್ಸನ್ನು ಬಂದ ದಿನವೇ ಕೊಟ್ಟರೆ ಸಾಕು ಎಂದು ಒಪ್ಪಿದ ಸಜ್ಜನ ಮೇಷ್ಟ್ರು.

"ಯಾವತ್ತು ಬರ್ತೀರಿ?" ಎಂದು ಕೇಳಿದರು.

"ಜುಲೈ ಮೂವತ್ತೊಂದು."

ಮೇಷ್ಟ್ರು ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ಕನ್ನಡಕ ಸರಿಮಾಡಿಕೊಂಡರು. "ಅಯ್ಯೋ, ಆಟಿ ಅಲ್ವಾ ಅದು? ಆಟಿಯಲ್ಲಿ ಒಲೆ ಹೊತ್ತಿಸ್ಲಿಕ್ಕೆ ಕೊಡುದು ಹೇಗೆ? ಸೋಣ ಒಂದಕ್ಕೆ ಬನ್ನಿ. ಮನೆ ನಿಮಗೇ ಇಡ್ತೇನೆ."

ಸೋಣ ಒಂದು ಅಂದರೆ ಆಗಸ್ಟ್ ಹದಿನೇಳು. ನಡುವೆ ಹದಿನೇಳು ದಿನ. ಇನ್ನೂ ಐದಾರು ಕಡೆ ಕೇಳಿದಳು. ಎಲ್ಲ ಕಡೆಯೂ ಅದೇ ಉತ್ತರ, ಅದೇ ನಗು. ಎರಡು ತಾಲೂಕಿನಲ್ಲೂ ಹದಿನೇಳು ದಿನ ಈ ಗಂಡಹೆಂಡಿರಿಗೆ ಕಾಲು ಚಾಚುವುದಕ್ಕೆ ಜಾಗ ಇಲ್ಲ.

"ಬಸ್ಟೇಂಡಿನಲ್ಲಿ ಮಲಗುವ" ಎಂದ ಧರ್ಣಪ್ಪ. "ನನ್ನ ಸರ್ವಿಸಿಗೆ ಒಂದು ಬೆಂಚು ಕೊಡದೆ ಇರ್ಲಿಕ್ಕಿಲ್ಲ."

ಜುಲೈ ಇಪ್ಪತ್ತೆಂಟಕ್ಕೆ ವಿನೋದಕ್ಕ ತಾವೇ ಲೋಲಾಕ್ಷಿಯ ಬಾಗಿಲಿಗೆ ಬಂದರು. ಹನ್ನೆರಡು ವರ್ಷದಲ್ಲಿ ಮೊದಲ ಸಲ. ನಾನು ಅಲ್ಲೇ ಇದ್ದೆ. ಲೈನಿನ ಉಳಿದ ನಾಲ್ಕೂ ಮನೆ ಖಾಲಿಯಾಗಿದ್ದವು. ರುಖಿಯಮ್ಮ ಮೂಡುಬಿದಿರೆಗೆ ಹೋಗಿ ಆರು ತಿಂಗಳಾಗಿತ್ತು. ಅವಳ ಮಗ ಬಾಸಿತ್ ಅಲ್ಲಿ ಸಣ್ಣ ಮನೆ ಕಟ್ಟಿದ್ದ.

"ಲೋಲಾಕ್ಷಿ, ಮೂವತ್ತೊಂದಕ್ಕೆ ಹೋಗ್ಬೇಡ. ಆಟಿಯಲ್ಲಿ ನಮ್ಮ ಮನೆಯಿಂದ ಒಬ್ಬಳು ಒಲೆ ಆರಿಸಿ ಹೋದ್ರೆ ನಮಗೆ ಒಳ್ಳೇದಲ್ಲ. ಮೊಮ್ಮಗು ಉಂಟು ಮನೆಯಲ್ಲಿ. ಸೋಣದ ತನಕ ಇರು."

ಈ ಸಲ ಅದು ನೆಪ ಅಲ್ಲ. ಮುಖ ನೋಡಿದರೆ ಗೊತ್ತಾಗುತ್ತಿತ್ತು, ಮುದುಕಿ ನಿಜಕ್ಕೂ ಹೆದರಿದ್ದಳು. ಲೋಲಾಕ್ಷಿಗೆ ಬೇಕಾದದ್ದೂ ಅದೇ ಹದಿನೇಳು ದಿನ. ಹೂಂ ಎಂದರೆ ಮುಗಿಯಿತು. ಬೆಳ್ತಂಗಡಿಯ ಮನೆ ಕಾಯುತ್ತಿತ್ತು.

ಅವಳು ಎಲೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. "ಇರ್ತೇನೆ ಅಕ್ಕಾ. ಬರೆದು ಕೊಡಿ."

"ಎಂತ ಬರೆಯುದು?"

"ಹದಿನೇಳನೇ ತಾರೀಕಿನ ತನಕ ಇರ್ಲಿಕ್ಕೆ ನಮ್ಮ ಒಪ್ಪಿಗೆ ಉಂಟು, ದಿನಕ್ಕೆ ಐನೂರರ ದಂಡ ಇಲ್ಲ ಅಂತ. ಅಡಿಯಲ್ಲಿ ಜಿತೇಶರ ಸಹಿ."

"ನನ್ನ ಮಾತು ಸಾಕಾಗುದಿಲ್ವಾ ನಿನಗೆ? ಆಟಿಯ ಮೇಲೆ ಹೇಳ್ತಿದ್ದೇನೆ."

ಲೋಲಾಕ್ಷಿ ತಲೆ ಎತ್ತಿದಳು. "ಕಳೆದ ಸಲವೂ ಆಟಿಯ ಮೇಲೆಯೇ ಹೇಳಿದ್ದು ಅಕ್ಕಾ. ಅದಕ್ಕೂ ಹಿಂದೆ ನನ್ನಪ್ಪ ಕೊಟ್ಟದ್ದೂ ದೈವದ ಎದುರಿನ ಮಾತು. ನಮ್ಮ ಮನೆಯಲ್ಲಿ ಮಾತು ಬೇಕಾದಷ್ಟು ಉಂಟು. ಕಾಗದ ಇಲ್ಲ."

ವಿನೋದಕ್ಕ ಮಗನನ್ನು ಕರೆದರು. ಜಿತೇಶ್ ಬಂದು ಕೇಳಿ, ವಕೀಲರಿಗೆ ಫೋನು ಮಾಡಿ, ಅಂಗಳದ ಆಚೆ ಹೋಗಿ ಮಾತಾಡಿ ಬಂದ. "ಬರೆದು ಕೊಡ್ಬಾರ್ದಂತೆ. ಬರೆದ್ರೆ ಹೊಸ ಬಾಡಿಗೆ ಶುರು ಆದ ಹಾಗೆ, ಪುನಃ ಕೇಸು ಹಾಕ್ಬೇಕಾದೀತಂತೆ. ನೀವು ಸುಮ್ನೆ ಇರಿ, ನಾವೇನೂ ಮಾಡುದಿಲ್ಲ."

"ಸುಮ್ನೆ ಇದ್ದದ್ದಕ್ಕೇ ಅಲ್ವಾ ಹಂಚು ಹೋದದ್ದು" ಎಂದಳು ಲೋಲಾಕ್ಷಿ.

"ಬರೆದು ಕೊಡು ಮಾರಾಯ!" ಎಂದು ವಿನೋದಕ್ಕ ಮಗನ ಮೇಲೆ ರೇಗಿದರು. "ಹದಿನೇಳು ದಿನ!"

"ಅಮ್ಮ, ನಿಮಗೆ ಕಾಂಪ್ಲೆಕ್ಸು ಬೇಕಾ ಆಟಿ ಬೇಕಾ?"

ವಿನೋದಕ್ಕ ಮಗನ ಮುಖ ನೋಡಿದರು, ಲೋಲಾಕ್ಷಿಯ ಮುಖ ನೋಡಿದರು. ಎಲ್ಲಿ ಬೇಕಾದರೂ ಕೂತು ಹತ್ತು ನಿಮಿಷದಲ್ಲಿ ಬರೆದು ಮುಗಿಸಬಹುದಾದ ನಾಲ್ಕು ಸಾಲು. ಸಹಿ ಹಾಕಲು ಅವರಿಗೂ ಬರುತ್ತದೆ. ಲೈನು ಇರುವುದು ಅವರ ಹೆಸರಿನಲ್ಲೂ ಹೌದು. ಹಾಕಲಿಲ್ಲ.

ಸಂಜೆ ಲೋಲಾಕ್ಷಿ ರುಖಿಯಮ್ಮನಿಗೆ ಫೋನು ಮಾಡಿದಳು.

ಮೂವತ್ತೊಂದರ ಮಧ್ಯಾಹ್ನ ಒಂದು ಪಿಕಪ್ ಬಂತು. ಮಂಚ, ಎರಡು ಪೆಟ್ಟಿಗೆ, ಬೀಡಿಯ ಮೊರ, ಪಾತ್ರೆ, ಧರ್ಣಪ್ಪ. ಲೋಲಾಕ್ಷಿ ಒಲೆಯ ಕೆಂಡಕ್ಕೆ ನೀರು ಹಾಕಿದಳು. ಆ ಚುರ್ ಎಂಬ ಸದ್ದು ಎದುರಿನ ಜಗಲಿಗೂ ಕೇಳಿರಬೇಕು, ವಿನೋದಕ್ಕ ಅಲ್ಲೇ ಇದ್ದರು. ಅವಳು ಕೀಲಿಕೈ ಹಿಡಿದುಕೊಂಡು ಜಗಲಿಯ ಮೆಟ್ಟಲಿನ ಕೆಳಗೆ ನಿಂತಳು. ಪಕ್ಕದಲ್ಲಿ ವಿಜೇತಾ, ಕೈಯಲ್ಲಿ ರಾಜಿಯ ಪ್ರತಿ.

"ಶಾಪ ಹಾಕ್ಬೇಡ ಲೋಲಾಕ್ಷಿ" ಎಂದರು ವಿನೋದಕ್ಕ. ಕಣ್ಣಲ್ಲಿ ನೀರಿತ್ತು. ನನಗೆ ಆ ನೀರು ಕಂಡು ಮೈ ಉರಿಯಿತು.

"ಶಾಪ ಎಂತಕೆ ಅಕ್ಕಾ? ಹದಿನಾರೂವರೆ ಸಾವಿರ ಕೊಡಿ."

ಜಿತೇಶ್ ತಂದು ಕೊಟ್ಟ. ಅವಳು ಜಗಲಿಯ ಮೇಲೆ ಕೂತು, ಬೀಡಿ ಎಣಿಸುವವರ ವೇಗದಲ್ಲಿ, ಎರಡು ಸಲ ಎಣಿಸಿದಳು. ಕೀಲಿಕೈ ಕೊಟ್ಟದ್ದಕ್ಕೆ ಬರೆಸಿಕೊಂಡಳು, ತಾರೀಕು ಹಾಕಿಸಿದಳು. ಜಿತೇಶ್ ಇಂಗ್ಲಿಷಿನಲ್ಲಿ ತಾರೀಕು ಬರೆದ ಮೇಲೆ, ಪೆನ್ನು ತನ್ನ ಕೈಗೆ ತೆಗೆದುಕೊಂಡು ಅದರ ಕೆಳಗೆ ಕನ್ನಡದಲ್ಲಿ "ಆಟಿ ೧೫" ಎಂದು ತಾನೇ ಬರೆದಳು. ವಿನೋದಕ್ಕ ಓದಿದರು. ಎದ್ದು ಒಳಗೆ ಹೋದರು. ಅದೊಂದು ಅವರಿಗೆ ಅಭ್ಯಾಸ.

ಮೂಡುಬಿದಿರೆಯಲ್ಲಿ ಬಾಸಿತನ ಮನೆಯ ಬದಿಗೆ ಒಂದು ಕೋಣೆ, ಬೇರೆ ಬಾಗಿಲು. ರುಖಿಯಮ್ಮ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಸಾಮಾನು ಇಳಿಸುವ ಮೊದಲೇ ಲೆಕ್ಕ.

"ಹದಿನೇಳು ದಿನ ಇದ್ದು ಬೆಳ್ತಂಗಡಿಗೆ ಓಡ್ತೀಯಾದ್ರೂ ಒಂದು ತಿಂಗಳದ್ದು ಕೊಡ್ಬೇಕು, ಈಗಲೇ ಹೇಳ್ತೇನೆ. ಮೂರೂವರೆ ಸಾವಿರ. ಕರೆಂಟು ಬೇರೆ. ಬಾಕಿ ಮಾಡಿದ್ರೆ ನಾನೂ ನೋಟೀಸು ಕೊಡುವವಳೇ."

"ಆಟಿಯಲ್ಲಿ ಒಲೆ ಹೊತ್ತಿಸ್ಲಿಕ್ಕೆ ಕೊಡ್ತೀರಿ ಅಲ್ವಾ? ಆಮೇಲೆ ಹೇಳ್ಬಾರ್ದು."

"ನಮಗೆ ಆಟಿ ಇಲ್ಲ ಮಾರಾಯ್ತಿ. ಬಾಡಿಗೆ ಉಂಟು."

ಲೋಲಾಕ್ಷಿ ಮೂರೂವರೆ ಸಾವಿರ ಎಣಿಸಿ ಕೊಟ್ಟಳು. ಕೈಯನ್ನು ಹಾಗೆಯೇ ಚಾಚಿ ಹಿಡಿದಳು.

"ಎಂತ?" ಎಂದಳು ರುಖಿಯಮ್ಮ.

"ರಶೀದಿ."